ಶಾಂತ ಸಾಗರದಲ್ಲಿ ಒಂದು ಸೋಮವಾರ

ಮನೆಯ ನೆಮ್ಮದಿ ಕೆಡಿಸುವ ವಸ್ತುಗಳಲ್ಲಿ ಬಾಯಿ ತೆರೆದು ಬಿದ್ದ ಸೂಟ್‌ಕೇಸಿಗೆ ಸರಿಸಾಟಿಯಾದದ್ದು ಇನ್ನೊಂದಿಲ್ಲ ಎಂಬುದು ಕಳೆದ ಒಂದೂವರೆ ತಿಂಗಳಲ್ಲಿ ನಾನು ನಡೆಸಿದ ಏಕೈಕ ಸಂಶೋಧನೆ. ಮುಚ್ಚಿದ ಸೂಟ್‌ಕೇಸು ಪಾಪದ ಪ್ರಾಣಿ. ಅಟ್ಟದ ಮೇಲೆ ವರ್ಷಗಟ್ಟಲೆ ಧೂಳು ತಿನ್ನುತ್ತ ಸುಮ್ಮನೆ ಕೂತಿರುತ್ತದೆ. ಅದನ್ನೇ ಕೆಳಗಿಳಿಸಿ, ಪಡಸಾಲೆಯ ನಟ್ಟನಡುವೆ ತೆರೆದಿಟ್ಟು ನೋಡಿ. ಬಂದವರೆಲ್ಲ ಅದಕ್ಕೆ ಎಡವುತ್ತಾರೆ, ಎಡವಿದವರೆಲ್ಲ ಒಳಗೆ ಇಣುಕುತ್ತಾರೆ, ಇಣುಕಿದವರೆಲ್ಲ ಒಂದು ಸಲಹೆ ಕೊಟ್ಟು ಹೋಗುತ್ತಾರೆ. ನಮ್ಮ ಮನೆಯ ಬೆಕ್ಕಂತೂ ಅದು ತನಗಾಗಿಯೇ ತಂದ ಹಾಸಿಗೆಯೆಂದು ತೀರ್ಮಾನಿಸಿ, ನನ್ನ ಹೊಸ ಸ್ವೆಟರಿನ ಮೇಲೆ ದಿನಕ್ಕೆ ಎರಡು ನಿದ್ದೆ ಮುಗಿಸುತ್ತದೆ. ಇಡೀ ಮನೆಯಲ್ಲಿ ನೆಮ್ಮದಿಯಾಗಿ ಇರುವ ಜೀವ ಅದೊಂದೇ.

ನನ್ನ ಹೆಸರು ಶಾಂತಾ. ಹೆಸರಿಡುವಾಗ ತಂದೆತಾಯಿಗಳು ಮಗುವಿನ ಸ್ವಭಾವ ನೋಡಿ ಇಡುವುದಿಲ್ಲ, ತಮ್ಮ ಆಸೆ ನೋಡಿ ಇಡುತ್ತಾರೆ ಎಂಬುದಕ್ಕೆ ನಾನೇ ಸಾಕ್ಷಿ. ಶಿಗ್ಗಾವಿಯ ಕಾಲೇಜೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ಭೂಗೋಳ ಪಾಠ ಮಾಡುತ್ತ ಬಂದಿದ್ದೇನೆ. ಐದು ಮಹಾಸಾಗರಗಳ ಉದ್ದಗಲ, ಆಳ, ಉಪ್ಪಿನಂಶ, ಒಳಪ್ರವಾಹಗಳನ್ನೆಲ್ಲ ನಿದ್ದೆಗಣ್ಣಿನಲ್ಲಿ ಹೇಳಬಲ್ಲೆ. ಕಂಡ ಸಮುದ್ರ ಮಾತ್ರ ಕಾರವಾರದ್ದು, ಅದೂ ಮೊಣಕಾಲಿನವರೆಗೆ. ಇಂಥ ನನ್ನನ್ನು ಈಗ ಓದುವ ಹಡಗೊಂದು ಕರೆದಿದೆ. ಹಡಗಿನಲ್ಲೇ ತರಗತಿ, ಹಡಗಿನಲ್ಲೇ ಗ್ರಂಥಾಲಯ, ಹಲವು ದೇಶಗಳ ಹುಡುಗ ಹುಡುಗಿಯರು; ಮುಂಬೈ ಬಿಟ್ಟು, ಆಫ್ರಿಕದ ತುದಿ ಬಳಸಿ, ಅಟ್ಲಾಂಟಿಕ್ ದಾಟಿ, ಪನಾಮಾ ಕಾಲುವೆಯಲ್ಲಿ ನುಸುಳಿ, ಪೆಸಿಫಿಕ್ಕನ್ನು ಹಾಯ್ದು, ಜಪಾನ್, ಸಿಂಗಾಪುರ ಮುಟ್ಟಿಕೊಂಡು ಮತ್ತೆ ಮುಂಬೈಗೆ. ವಯಸ್ಸಾದ ಕಲಿಕಾರ್ಥಿಗಳಿಗೆಂದು ಅದರಲ್ಲಿ ನಾಲ್ಕೈದು ಜಾಗಗಳಿದ್ದವು. ಅರ್ಜಿ ಹಾಕಿದ್ದು ಅರ್ಧ ತಮಾಷೆಗೆ. ಐವತ್ತೆರಡನೆಯ ವಯಸ್ಸಿನಲ್ಲಿ ಕೊರಳಿಗೆ ‘ವಿದ್ಯಾರ್ಥಿನಿ’ ಎಂಬ ಗುರುತಿನ ಚೀಟಿ ಹಾಕಿಕೊಳ್ಳುವ ಯೋಗ ಬಂದಾಗ ಉಳಿದರ್ಧಕ್ಕೆ ಎದೆ ಹೊಡೆದುಕೊಳ್ಳತೊಡಗಿತು.

ಅಂದಿನಿಂದ ನಾನು ಕೂತಲ್ಲಿ ಕೂರುತ್ತಿಲ್ಲ. ಬೆಳಿಗ್ಗೆ ಎದ್ದವಳೇ ಕಪಾಟು ತೆರೆದು ಪಾಸ್‌ಪೋರ್ಟು ಇದೆಯೇ ನೋಡುತ್ತೇನೆ, ಇರುತ್ತದೆ. ಹಲ್ಲುಜ್ಜಿ ಬಂದು ಮತ್ತೆ ನೋಡುತ್ತೇನೆ; ಆಗಲೂ ಇರುತ್ತದೆ. ಬೇಕಾದ ಸಾಮಾನುಗಳ ಪಟ್ಟಿ ಮಾಡಿ, ಪಟ್ಟಿ ಎಲ್ಲಿಟ್ಟೆನೆಂದು ಮರೆತು, ಹುಡುಕಬೇಕಾದ ವಸ್ತುಗಳ ಇನ್ನೊಂದು ಪಟ್ಟಿ ಮಾಡಿ, ಅದರ ಮೊದಲ ಸಾಲಿನಲ್ಲಿ ‘ಹಳೆಯ ಪಟ್ಟಿ’ ಎಂದು ಬರೆದಿದ್ದೇನೆ. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವ ನನ್ನ ಯಜಮಾನರು ಸ್ವಭಾವತಃ ನಿಧಾನಸ್ಥರು. ಅವರು ದಿನಾ ಸೂಟ್‌ಕೇಸು ಹಿಡಿದು ತೂಕದ ಯಂತ್ರದ ಮೇಲೆ ನಿಂತು, ತಮ್ಮ ತೂಕ ಕಳೆದು, ಎರಡು ಕಿಲೋ ಹೆಚ್ಚಾಗಿದೆ ಎಂದು ಘೋಷಿಸುತ್ತಿದ್ದರು. ನಾನು ದಿನಾ ಎರಡು ಸೀರೆ ತೆಗೆಯುತ್ತಿದ್ದೆ. ವಾರದ ಮೇಲೆ ತಿಳಿದದ್ದೇನೆಂದರೆ, ಹೆಚ್ಚಾಗಿದ್ದು ಅವರು.

ಹಡಗಿನ ಓಲಾಟಕ್ಕೆ ಹೊಟ್ಟೆ ತೊಳಸುತ್ತದೆಯೆಂದು ಯಾರೋ ಹೆದರಿಸಿದ್ದರಿಂದ ಅದಕ್ಕೂ ಅಭ್ಯಾಸ ಶುರು ಮಾಡಿದೆ. ಶಿಗ್ಗಾವಿಯಿಂದ ತಡಸಕ್ಕೆ ಹೋಗುವ ಬಸ್ಸಿನ ಹಿಂಭಾಗದಲ್ಲಿ, ಯಾವ ಕಂಬಿಯನ್ನೂ ಹಿಡಿಯದೆ, ಕಾಲು ಅಗಲಿಸಿ ನಿಲ್ಲುವುದು. ದಾರಿಯ ಗುಂಡಿಗಳು ನನ್ನ ಶಿಕ್ಷಣಕ್ಕೆ ಉದಾರವಾಗಿ ನೆರವಾದವು. ಎರಡನೆಯ ದಿನ ಕಂಡಕ್ಟರು ತಡೆಯಲಾರದೆ, “ಸೀಟು ಖಾಲಿ ಅದಾವಲ್ರೀ ಮೇಡಂ, ಯಾಕ ನಿಂತೀರಿ?” ಎಂದ. ಹಡಗಿನಲ್ಲಿ ನಿಲ್ಲುವುದನ್ನು ಕಲಿಯುತ್ತಿದ್ದೇನೆ ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಟಿಕೆಟು ಹರಿದುಕೊಟ್ಟು, ಡ್ರೈವರನ ಹತ್ತಿರ ಹೋಗಿ ಏನೋ ಹೇಳಿದ. ಅಂದಿನಿಂದ ತಡಸದಲ್ಲಿ ಇಳಿಯುವಾಗ ಇಬ್ಬರೂ ನನ್ನನ್ನು ಬಹಳ ಮೃದುವಾಗಿ ಮಾತಾಡಿಸುತ್ತಾರೆ.

ಅರ್ಜಿಯಲ್ಲಿ ಈಜು ಬರುತ್ತದೆಯೇ ಎಂದೊಂದು ಪ್ರಶ್ನೆಯಿತ್ತು. ಬರುತ್ತದೆ ಎಂದು ಧೈರ್ಯವಾಗಿ ಬರೆದೆ. ಹಿರೇಬೆಂಡಿಗೇರಿಯ ಅಜ್ಜಿಯ ಹೊಲದ ಬಾವಿಯಲ್ಲಿ, ಬೆನ್ನಿಗೆ ಬೆಂಡು ಕಟ್ಟಿಸಿಕೊಂಡು ಸೋದರಮಾವನಿಂದ ಕಲಿತದ್ದು. ಬೆಂಡಿಗೇರಿಯಲ್ಲಿ ಬೆಂಡು ಕಟ್ಟಿಕೊಳ್ಳದೆ ಇನ್ನೆಲ್ಲಿ ಕಟ್ಟಿಕೊಳ್ಳಬೇಕು? ಆದರೆ ಬಾವಿಯ ಈಜಿಗೂ ಸಾಗರದ ಈಜಿಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಬಾವಿಯಲ್ಲಿ ಎತ್ತ ಈಜಿದರೂ ನಾಲ್ಕು ಮಾರಿಗೆ ದಡ ಸಿಗುತ್ತದೆ. ಮೇಲಾಗಿ ದಡದಲ್ಲಿ ಅವ್ವ ನಿಂತಿರುತ್ತಿದ್ದಳು, ಕೈಯಲ್ಲಿ ಒಣ ಸೀರೆ ಹಿಡಿದುಕೊಂಡು, ನಾನು ಮುಳುಗಿದೆನೆಂದು ಪ್ರತಿ ನಿಮಿಷಕ್ಕೊಮ್ಮೆ ಖಾತ್ರಿ ಮಾಡಿಕೊಳ್ಳುತ್ತ.

ಅವ್ವನಿಗೆ ಈಗ ಎಪ್ಪತ್ತಾರು. ಸವಣೂರಿನಲ್ಲಿ ನನ್ನ ತಮ್ಮನ ಸಂಸಾರದ ಜೊತೆ ಇದ್ದಾಳೆ. ಇದ್ದಾಳೆ ಎನ್ನುವುದಕ್ಕಿಂತ ಆ ಸಂಸಾರವನ್ನು ಆಳುತ್ತಿದ್ದಾಳೆ ಎನ್ನುವುದು ಸರಿ. ವೀಳ್ಯದೆಲೆಯ ತೋಟ ನಮ್ಮದು. ಕೊಯ್ದ ಎಲೆಯನ್ನು ಒದ್ದೆ ಗೋಣಿಯ ಮೇಲೆ ಹರವಿ, ಎಳೆಯದು, ಬಲಿತದ್ದು ಬೇರ್ಪಡಿಸಿ, ನೂರರ ಕಟ್ಟು ಕಟ್ಟುವ ಕೆಲಸವನ್ನು ಅವಳು ಇಂದಿಗೂ ಯಾರಿಗೂ ಬಿಟ್ಟುಕೊಟ್ಟಿಲ್ಲ. ಅವಳ ಬಾಯಿ ಊರ ಸುದ್ದಿಯೆಲ್ಲ ಆಡುತ್ತಿರುತ್ತದೆ, ಬೆರಳು ತನ್ನ ಪಾಡಿಗೆ ತಾನು ಎಣಿಸುತ್ತಿರುತ್ತದೆ. ನೂರೆಂದರೆ ನೂರೇ, ತೊಂಬತ್ತೊಂಬತ್ತೂ ಅಲ್ಲ, ನೂರೊಂದೂ ಅಲ್ಲ. ಸವಣೂರಿನ ಎಲೆ ನನಗಿಂತ ಎಷ್ಟೋ ಮೊದಲೇ ದೂರದೂರಿಗೆಲ್ಲ ಹೋಗಿ ಬಂದಿದೆ ಎಂದು ನಾನು ತಮಾಷೆ ಮಾಡಿದಾಗ ಅವ್ವ ತಲೆ ಎತ್ತದೆ, ಹೋಗಿದ್ದು ಖರೆ, ಬಂದಿದ್ದು ಯಾವಾಗ ನೋಡಿದಿ ಎಂದು ಕೇಳಿದಳು. ನನ್ನ ತಮಾಷೆ ಅಲ್ಲೇ ಬಾಡಿತು.

ಅವಳ ಈ ಮಾತಿನ ಹಿಂದೆ ಮೂವತ್ತು ವರ್ಷಗಳ ಹಳೆಯ ಕತೆಯಿದೆ, ಅದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಪದವಿ ಮುಗಿಸಿದಾಗ ನನಗೆ ವಿಶಾಖಪಟ್ಟಣದಲ್ಲಿ ಸಾಗರವಿಜ್ಞಾನ ಓದುವ ಅವಕಾಶ ಸಿಕ್ಕಿತ್ತು. ಅಪ್ಪ ಒಪ್ಪಿದ್ದ. ಅವ್ವ ಬೇಡವೆನ್ನಲಿಲ್ಲ, ಬೇಕೆಂದೂ ಅನ್ನಲಿಲ್ಲ. ಹೊರಡುವ ವಾರ ನನಗೆ ಕಾಮಣಿ ಹಿಡಿಯಿತು. ಕಣ್ಣು, ಉಗುರು, ಕೊನೆಗೆ ಭವಿಷ್ಯವೂ ಹಳದಿಯಾಗಿ, ಒಂದೂವರೆ ತಿಂಗಳು ಉಪ್ಪಿಲ್ಲದ ಅನ್ನ ತಿನ್ನುತ್ತ ಮಲಗಿದೆ. ಅಷ್ಟರಲ್ಲಿ ಅಲ್ಲಿ ಪ್ರವೇಶದ ಗಡುವು ಮುಗಿದುಹೋಗಿತ್ತು. ಕಾಮಣಿ ಹಿಡಿಯುವ ಹಿಂದಿನ ವಾರ ಹುಬ್ಬಳ್ಳಿಯ ಬಸ್ ನಿಲ್ದಾಣದ ಹೊರಗೆ ಕುಡಿದ ಎರಡು ಗ್ಲಾಸು ಕಬ್ಬಿನ ಹಾಲೇ ಇದಕ್ಕೆಲ್ಲ ಕಾರಣವೆಂದು ನಾನು ನಿರ್ಧರಿಸಿದೆ. ಆ ಗಾಣದವನ ಮುಖ ನನಗೆ ನೆನಪಿಲ್ಲ, ಆದರೂ ಮೂವತ್ತು ವರ್ಷ ಅವನನ್ನು ಮನಸ್ಸಿನಲ್ಲೇ ಬೈದುಕೊಂಡು ಬಂದಿದ್ದೇನೆ. ಸಾಗರ ಓದಬೇಕಾದವಳು ಸಾಗರಗಳ ಪಟ್ಟಿ ಬಾಯಿಪಾಠ ಮಾಡಿಸುವವಳಾದೆ. ಅದರ ಹೊಟ್ಟೆಉರಿ ಇನ್ನೂ ಆರಿಲ್ಲ, ನಿಮ್ಮ ಹತ್ತಿರ ಯಾಕೆ ಮುಚ್ಚಿಡಲಿ.

ಹಾಗಾಗಿ ಈ ಸಲ ಹಡಗಿನ ಸುದ್ದಿ ಹೇಳಲು ಸವಣೂರಿಗೆ ಹೋದಾಗ ಅಂಜಿಕೊಂಡೇ ಹೋದೆ. ಅವ್ವ ಪೂರ್ತಿ ಕೇಳಿಸಿಕೊಂಡಳು. ಎಷ್ಟು ದಿನ ಎಂದಳು. ಹೊರಡುವುದು, ಬರುವುದು ಹೇಳಿದೆ. ಬೆರಳ ಗೆಣ್ಣು ಮುಟ್ಟಿ ಲೆಕ್ಕ ಹಾಕಿ, ನಡುವೆ ಸರಿಯಾಗಿ ಹದಿನಾರು ಸೋಮವಾರ ಬರುತ್ತವೆ, ಹದಿನಾರೂ ವಾರ ಹಿಡಿಯುವುದಾದರೆ ಹೋಗು ಎಂದಳು. ಹಡಗಿನಲ್ಲಿ ನಾನು, ಇಲ್ಲಿ ತಾನು, ಇಬ್ಬರೂ ಆ ದಿನ ಒಂದು ಹೊತ್ತಿನ ಊಟ ಬಿಟ್ಟು ಒಪ್ಪತ್ತು ಇದ್ದು, ನಾನು ಬಂದ ಮೇಲೆ ಹಾನಗಲ್ಲಿಗೆ ಹೋಗಿ ತಾರಕೇಶ್ವರನ ಮುಂದೆ ಕಾಯಿ ಒಡೆಸಿ ಮುಗಿಸುವುದು. ನಮ್ಮ ಕಡೆ ‘ವಾರ’ ಎಂದರೆ ಏಳು ದಿನ ಮಾತ್ರವಲ್ಲ, ಆ ಏಳರಲ್ಲಿ ದೇವರಿಗೆ ಬಿಟ್ಟ ಒಂದು ದಿನವೂ ಹೌದು. ಅದನ್ನು ಆಚರಿಸುವುದಿಲ್ಲ, ಹಿಡಿಯುತ್ತೇವೆ, ಕೈಯಿಂದ ಹಿಡಿದಂತೆ. ನಡುವೆ ಒಂದು ವಾರ ತಪ್ಪಿದರೆ ಹಿಂದಿನವೆಲ್ಲ ನೀರುಪಾಲು, ಮೊದಲಿನಿಂದ ಹಿಡಿಯಬೇಕು. ನಾನು ತಕ್ಷಣ ಒಪ್ಪಿದೆ. ಬಸ್ಸಿನಲ್ಲಿ ಮರಳುವಾಗ ಒಂದು ವಿಚಾರ ಹೊಳೆದು ನಕ್ಕೆ: ಉಪವಾಸದಲ್ಲೂ ವಾಸವಿದೆ, ಪ್ರವಾಸದಲ್ಲೂ ವಾಸವಿದೆ, ಒಂದು ಹತ್ತಿರದ ವಾಸ, ಇನ್ನೊಂದು ದೂರದ ವಾಸ. ಅವ್ವ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಬಿಟ್ಟಿದ್ದಳು.

ಗಂಟು ಬಿಚ್ಚಿದ್ದು ಹದಿನೈದು ದಿನಗಳ ಮೇಲೆ. ಹಡಗಿನವರು ದಿನದಿನದ ವೇಳಾಪಟ್ಟಿ ಕಳಿಸಿದ್ದರು. ಅದನ್ನು ಓದಿ ಹೇಳು ಎಂದು ಅವ್ವ ಕರೆಸಿದಳು. ಅವಳು ಎಲೆ ಕಟ್ಟುತ್ತಿದ್ದಳು, ನಾನು ಎದುರಿಗೆ ಕೂತು ಇಂಥ ದಿನ ಇಂಥ ಬಂದರು, ಇಂಥ ದಿನ ಬರೀ ನೀರು ಎಂದು ಓದುತ್ತ ಹೋದೆ. ಸೋಮವಾರ ಬಂದಾಗಲೆಲ್ಲ ಅವಳು ಒಂದು ಎಲೆ ತೆಗೆದು ಎಡಗಡೆ ಇಡುತ್ತಿದ್ದಳು. ಮುಂಬೈಗೆ ಬಂದು ಮುಟ್ಟಿದಾಗ ಎಡಗಡೆಯ ಎಲೆಗಳನ್ನು ಒಮ್ಮೆ ಬೆರಳಲ್ಲಿ ಸವರಿ, ಹದಿನೈದೇ ಆದವು ಎಂದಳು. ನೀನು ಎಣಿಸುವಾಗ ತಪ್ಪಿರಬೇಕು ಎಂದೆ. ಎಂಥ ಮಾತಾಡಿದೆನೆಂದು ಆಮೇಲೆ ನಾಚಿಕೆಯಾಯಿತು. ಆ ಬೆರಳುಗಳು ಒಂದು ಎಲೆ ತಪ್ಪಿದ್ದನ್ನು ಯಾರೂ ಕಂಡಿಲ್ಲ. ಮತ್ತೆ ಓದಿದೆ. ಜಪಾನಿಗೆ ಮೊದಲು ಒಂದು ಕಡೆ ಭಾನುವಾರದ ಕೆಳಗಿನ ಸಾಲಿನಲ್ಲೇ ಮಂಗಳವಾರ ಇತ್ತು. ನಡುವೆ ಏನೂ ಇರಲಿಲ್ಲ.

ಅಂತಾರಾಷ್ಟ್ರೀಯ ದಿನಾಂಕ ರೇಖೆ. ಪಶ್ಚಿಮಕ್ಕೆ ಹೊರಟು ದಾಟಿದರೆ ಒಂದು ದಿನ ಕಳೆದುಹೋಗುತ್ತದೆ, ಪೂರ್ವಕ್ಕೆ ದಾಟಿದರೆ ಒಂದು ದಿನ ಹೆಚ್ಚಿಗೆ ಸಿಗುತ್ತದೆ. ಎರಡು ಅಂಕದ ಪ್ರಶ್ನೆ, ಇಪ್ಪತ್ತಾರು ವರ್ಷ ನಾನೇ ಬೋರ್ಡಿನ ಮೇಲೆ ಎಳೆದ ಸೊಟ್ಟ ಗೆರೆ. ಕಳೆಯುವ ಆ ದಿನ ಯಾರದೋ ಒಬ್ಬರದು, ಅದಕ್ಕೊಂದು ಹೆಸರಿರುತ್ತದೆ, ಅದನ್ನು ಯಾರೋ ಹಿಡಿದಿರುತ್ತಾರೆ ಎಂದು ಒಂದು ದಿನವೂ ನನಗೆ ಹೊಳೆದಿರಲಿಲ್ಲ. ಮೋಸಂಬಿಯೊಂದನ್ನು ತಂದು, ಅದರ ಸುತ್ತ ಎಲೆಯ ತೊಟ್ಟು ಓಡಿಸಿ, ನನ್ನ ಜೀವನದ ಅತ್ಯುತ್ತಮ ಪಾಠ ಮಾಡಿದೆ. ಪೆಸಿಫಿಕ್ಕಿಗೆ ಶಾಂತ ಸಾಗರ ಎಂದೂ ಹೆಸರಿದೆ, ನನ್ನ ಹಾಗೆಯೇ ಅದೂ ಹೆಸರಿಗಷ್ಟೇ ಶಾಂತ. ಅಲ್ಲಿ ಒಂದು ಸೋಮವಾರ ಹಡಗಿಗೆ ಇರುವುದೇ ಇಲ್ಲ ಎಂದೆ. ಅವ್ವನಿಗೆ ಮೊದಲ ಸಲಕ್ಕೇ ಅರ್ಥವಾಯಿತು, ನನ್ನ ಬಿ.ಎ. ವಿದ್ಯಾರ್ಥಿಗಳಿಗೆ ಮೂರು ಸಲ ಹೇಳಬೇಕು. ಅರ್ಥವಾದದ್ದೇ ತೊಂದರೆಗೆ ಬಂತು. ಅವಳ ಮುಖ ಸಣ್ಣದಾಯಿತು.

ನಾನೂ ಸುಮ್ಮನಿರಲಿಲ್ಲ. ಇಲ್ಲಿ ನಿನಗೆ ಸೋಮವಾರ ಇರುವ ಹೊತ್ತಿನಲ್ಲಿ ನಮಗೆ ಹೆಚ್ಚುಪಾಲು ಭಾನುವಾರ ಇರುತ್ತದೆ, ಆ ಭಾನುವಾರವೇ ಒಪ್ಪತ್ತು ಇದ್ದರಾಯಿತು ಎಂದು ಗಡಿಯಾರದ ಲೆಕ್ಕ ಮುಂದಿಟ್ಟೆ. ಅದಕ್ಕೆ ಅವ್ವ, “ಐತವಾರ ಹೊಟ್ಟಿ ಕಟ್ಟಿಕೊಂಡು ಕುಂತರ ಅದು ಸೋಮವಾರ ಆಕ್ಕೈತೇನು?” ಎಂದಳು. ಬಂದ ಮೇಲೆ ಇನ್ನೊಂದು ಹೆಚ್ಚಿಗೆ ಹಿಡಿಯುತ್ತೇನೆ ಎಂದೆ. ನಡುವೆ ತಪ್ಪಿದ್ದು ಕೊನೆಗೆ ತುಂಬಿದರೆ ಬರುವುದಿಲ್ಲ ಎಂದಳು. ಹೋಗಬೇಡ ಎಂದು ಅವಳು ಹೇಳಲಿಲ್ಲ. ಹಾಗೆ ಹೇಳಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಹದಿನೈದು ಎಲೆಯನ್ನು ಕಟ್ಟಿಗೂ ಸೇರಿಸದೆ, ಬಿಸಾಡದೆ ಹಾಗೇ ಬಿಟ್ಟು ಎದ್ದು ಒಳಗೆ ಹೋದಳು.

ಶಿಗ್ಗಾವಿಗೆ ಬಂದೆ. ಅಂತಿಮ ಒಪ್ಪಿಗೆಯ ಪತ್ರಕ್ಕೆ ಸಹಿ ಹಾಕಿ ಬುಧವಾರದೊಳಗೆ ಕಳಿಸಬೇಕಿತ್ತು. ಪತ್ರ ಮೇಜಿನ ಮೇಲೆ, ಪೆನ್ನು ಪತ್ರದ ಮೇಲೆ, ನಾನು ಮಾತ್ರ ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಹಿತ್ತಲಿಗೆ. ದೇವರ ಬಗ್ಗೆ ನನಗಿರುವ ನಂಬಿಕೆ ಹಾನಗಲ್ಲಿನ ಗುಡಿಯ ಒಳಛಾವಣಿಯಲ್ಲಿ ಕೆತ್ತಿದ ಕಲ್ಲಿನ ತಾವರೆಯನ್ನು ಕತ್ತೆತ್ತಿ ನೋಡುವಷ್ಟರದು. ಸೋಮವಾರ ತಪ್ಪಿದರೆ ಹಡಗು ಮುಳುಗುತ್ತದೆಂದು ನಾನು ನಂಬುವವಳಲ್ಲ. ಆದರೆ ಅವ್ವ ನಂಬುತ್ತಾಳಲ್ಲ. ಆ ದಿನದಿಂದ ನಾನು ಬರುವವರೆಗೆ ಅವಳು ಹೇಗಿರಬೇಕು? ಹೋಗುತ್ತೇನೆ ಎಂದರೆ ಅವಳ ಎದೆಗೆ ಕಲ್ಲು, ಬಿಡುತ್ತೇನೆ ಎಂದರೆ ನನ್ನ ಎದೆಗೆ. ಮೂವತ್ತು ವರ್ಷಗಳ ಮೇಲೆ ಎರಡನೆಯ ಸಲ ಸಮುದ್ರ ಬಾಗಿಲಿನವರೆಗೆ ಬಂದು ಮರಳುವುದನ್ನು ನಾನು ಸಹಿಸಲಾರೆ ಎಂದು ಯಜಮಾನರ ಮುಂದೆ ಅತ್ತೆ. ಅವರು ಸೂಟ್‌ಕೇಸಿನಿಂದ ಬೆಕ್ಕನ್ನು ಎತ್ತಿ ಕೆಳಗೆ ಬಿಟ್ಟರು. ಅದು ಮತ್ತೆ ಹೋಗಿ ಮಲಗಿತು.

ಸೋಮವಾರ ಮಧ್ಯಾಹ್ನ ಅವ್ವ ಒಬ್ಬಳೇ ಬಸ್ಸು ಹತ್ತಿ ಬಂದಳು. ಕೈಯಲ್ಲಿ ಒಂದು ಸ್ಟೀಲಿನ ಡಬ್ಬಿ. ಅದರಲ್ಲಿ ಶೇಂಗಾದ ಉಂಡಿ. ವಾರ ಬಿಡುವಾಗ, ಅಂದರೆ ಆ ದಿನದ ಉಪವಾಸ ಮುರಿಯುವಾಗ, ಬಾಯಿಗೆ ಹಾಕಿಕೊಳ್ಳಲು ವಾರಕ್ಕೊಂದರಂತೆ. ಎಣಿಸಿದೆ, ಹದಿನೈದು ಇದ್ದವು. ಏನೂ ಕೇಳದೆ ಡಬ್ಬಿಯನ್ನು ಸೂಟ್‌ಕೇಸಿನ ಮೂಲೆಗೆ ತುರುಕಿದೆ. ತುರುಕಿದ್ದೇ ನೆಪವಾಗಿ ಸೂಟ್‌ಕೇಸು ಮುಚ್ಚಲು ಒಲ್ಲೆನೆಂದು ಹಟ ಹಿಡಿಯಿತು. ಮುಚ್ಚಳದ ಮೇಲೆ ಮೊಣಕಾಲೂರಿ ನಾನು ಝಿಪ್ಪು ಎಳೆಯುತ್ತಿದ್ದರೆ, ಸರಿ ಅತ್ಲಾಗ ಎಂದು ಅವ್ವ ನನ್ನನ್ನು ಪಕ್ಕಕ್ಕೆ ತಳ್ಳಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅದರ ಮೇಲೆ ಕೂತಳು. ನಾಲ್ಕು ಎಲೆಕಟ್ಟಿನ ತೂಕ ಅವಳದು; ಝಿಪ್ಪು ಒಂದು ಗೇಣು ಮುಂದೆ ಹೋಗಿ ನಿಂತಿತು. ಕೂತಲ್ಲಿಂದಲೇ, ಗೋಡೆಯ ಕಡೆ ನೋಡುತ್ತ ಮಾತಾಡಿದಳು.

“ನೀ ಆಗ ವಿಶಾಖಪಟ್ಟಣಕ್ಕ ಹೊಂಟಿದ್ದಿ ನೋಡು, ಆಗೂ ನಾ ಹದಿನಾರು ಸೋಮವಾರ ಹಿಡಿದಿದ್ನಿ. ಸಮುದ್ರ ಓದಾಕ ಹೋದಾಕಿ ಹೊಳ್ಳಿ ಬರೂದಿಲ್ಲ ಅನಿಸಿತ್ತು ನನಗ. ನೀ ಹೋಗಬಾರದು ಅಂತ ಹಿಡಿದಿದ್ನಿ. ಒಂದೂ ತಪ್ಪಲಿಲ್ಲ. ಹದಿನಾರನೇದು ಮುಗೀತು, ನಿನಗ ಕಾಮಣಿ ಆತು.” ಸೊಂಟದ ಸೆರಗು ಬಿಗಿ ಮಾಡಿಕೊಂಡು ಮತ್ತೆ ಅಂದಳು: “ಹೋಗಬಾರದು ಅಂತ ಬೇಡಿದ್ನಿ. ಜಡ್ಡು ಬರ್ಲಿ ಅಂತ ಬೇಡಿದ್ದಿಲ್ಲ.”

ನಾನು ಝಿಪ್ಪು ಬಿಟ್ಟೆ. ಮೂವತ್ತು ವರ್ಷ ನಾನು ಒಬ್ಬ ಗಾಣದವನನ್ನು ಬೈಯುತ್ತಿದ್ದೆ, ಅದೇ ಮೂವತ್ತು ವರ್ಷ ಅವಳು ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದಳು, ಒಬ್ಬರಿಗೊಬ್ಬರು ಹೇಳದೆ. ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ನನ್ನ ಇಪ್ಪತ್ತೆರಡನೆಯ ವಯಸ್ಸನ್ನು ಹದಿನಾರು ಸಲ ದೇವರ ಮುಂದೆ ಅಡ್ಡ ಹಾಕಿದವಳ ಮೇಲೆ ಸಿಟ್ಟು ಬರದೆ ಏನು ಮಾಡೀತು? ಆದರೆ ಆ ಸಿಟ್ಟನ್ನು ಇಡಲು ಎದುರಿಗಿದ್ದ ಸಣ್ಣ ಬೆನ್ನಿನ ಮೇಲೆ ಜಾಗವೇ ಕಾಣಲಿಲ್ಲ. ಅದು ಕಬ್ಬಿನ ಹಾಲಿನಿಂದ ಆದದ್ದು ಅವ್ವ ಎಂದೆ. ಇದ್ದರೂ ಇರಬಹುದು ಎಂದಳು, ನಂಬದ ದನಿಯಲ್ಲಿ. ಈ ಸಲದ ಹದಿನಾರು ಏಕೆ, ಅದರಲ್ಲಿ ಒಂದು ಕಡಿಮೆಯಾದಾಗ ಅವಳ ಮುಖವೇಕೆ ಹಾಗಾಯಿತು ಎಂಬುದು ನನಗೆ ಆಗ ತಿಳಿಯಿತು. ಹೋಗಬಾರದೆಂದು ಹಿಡಿದದ್ದಕ್ಕೆ ಹೋಗಿ ಬರಲೆಂದು ಹಿಡಿದು ಸರಿಗಟ್ಟಬೇಕಿತ್ತು. ಒಂದು ಎಲೆಯೂ ಕಡಿಮೆ ಬೀಳುವಂತಿರಲಿಲ್ಲ.

“ಅದಕ ವಿಚಾರ ಮಾಡೇನಿ,” ಎಂದಳು. “ಆ ಸೋಮವಾರ ನಿನ್ನ ಹಡಗದಾಗ ಇರೂದಿಲ್ಲ. ಇಲ್ಲೆ ಸವಣೂರಾಗ ಇರತೈತಿಲ್ಲೋ? ಅವತ್ತ ಒಂದ ಹೊತ್ತಿನ ಊಟ ನಂದು ಬಿಡತೇನಿ, ಇನ್ನೊಂದ ಹೊತ್ತಿಂದು ನಿನ್ನ ಬದಲಿಗೆ. ನಿನ್ನ ಉಂಡಿನೂ ಇಲ್ಲೇ ಇಟ್ಟೇನಿ.”

ಹದಿನಾರನೆಯ ಉಂಡಿ ಎಲ್ಲಿ ಉಳಿಯಿತೆಂದು ನಾನು ಕೇಳದೇ ಇದ್ದದ್ದಕ್ಕೆ ಉತ್ತರ ಸಿಕ್ಕಿತು. ಭೂಗೋಳದ ಯಾವ ಪುಸ್ತಕದಲ್ಲೂ ಇಲ್ಲದ ಉತ್ತರ ಅದು: ಸಾಗರದಲ್ಲಿ ಕಳೆದುಹೋದ ದಿನ ಎಲ್ಲಿಗೂ ಹೋಗುವುದಿಲ್ಲ, ಹಿಂದೆ ಉಳಿದವರ ಮನೆಯಲ್ಲಿ ಇರುತ್ತದೆ, ಬೇಕಾದವರು ಅಲ್ಲಿ ಅದನ್ನು ಹಿಡಿದಿರಬೇಕು ಅಷ್ಟೆ. ಮೇಜಿನ ಮೇಲಿನ ಪತ್ರ ತಂದೆ. ಬರೆಯಲು ಗಟ್ಟಿ ಜಾಗ ಬೇಕಿತ್ತು. ಅವ್ವ ಸೂಟ್‌ಕೇಸಿನ ಮೇಲೆ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಳು. ಸಹಿ ಹಾಕಿದೆ. ಉಬ್ಬಿದ ಮುಚ್ಚಳ ಅಲುಗಿದ್ದರಿಂದ ಅದು ಪಾಸ್‌ಪೋರ್ಟಿನ ಸಹಿಯಂತೆ ಕಾಣಲಿಲ್ಲ, ಇನ್ನೊಮ್ಮೆ ಹಾಕಬೇಕಾಯಿತು.

ಆಮೇಲೆ ಮತ್ತೆ ಝಿಪ್ಪು ಹಿಡಿದೆ. ಈ ಸಲ ಅದು ಮೂಲೆ ತಿರುಗಿ, ಕೊನೆಯವರೆಗೂ ಬಂತು. ಒಂದೂವರೆ ತಿಂಗಳ ಮೇಲೆ ಪಡಸಾಲೆಯಲ್ಲಿ ಆ ಬಾಯಿ ಮುಚ್ಚಿತು. ಹಾಸಿಗೆ ಕಳೆದುಕೊಂಡ ಬೆಕ್ಕು ಸುತ್ತಲೂ ಎರಡು ಸಲ ತಿರುಗಿ, ಜಿಗಿದು ಅವ್ವನ ತೊಡೆ ಏರಿತು. ಮುಚ್ಚಿತು ಅವ್ವ, ಇನ್ನು ಏಳು ಎಂದೆ. ಅವಳು ಏಳಲಿಲ್ಲ. ಎರಡೂ ಅಂಗೈಯನ್ನು ಸೂಟ್‌ಕೇಸಿನ ಮೇಲೆ ಊರಿ, ಬಾಗಿಲ ಕಡೆ ನೋಡುತ್ತ ಹಾಗೇ ಕೂತಿದ್ದಳು.

“ಇರ್ಲಿ ತಡಿ,” ಎಂದಳು. “ಇನ್ನೊಂದ ಸ್ವಲ್ಪ ಕುಂದರತೇನಿ.”